ಪಾವಾಗಢದ ಮಜ್ಜಿಗೆ ಕೆರೆ

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಸಂಘದ ಹಿರಿಯರೊಬ್ಬರಿಗೆ ಜಪಾನಿನಲ್ಲಿರುವ ಅವರ ಮಗಳಿಂದ ಕಾಗದ ಬಂದಿತು. ಕಾಗದವೆಂದರೆ ಅಂಚೆಯವನು ತಂದದ್ದಲ್ಲ, ಫೋನಿನಲ್ಲಿ ಬಂದದ್ದು. ಆದರೆ ಹುಡುಗಿ ಅದನ್ನು ‘ತೀರ್ಥರೂಪರಾದ ಅಪ್ಪನವರಿಗೆ’ ಎಂದೇ ಪ್ರಾರಂಭಿಸಿದ್ದರಿಂದ ನಾವೂ ಅದನ್ನು ಕಾಗದವೆಂದೇ ಕರೆದೆವು. ಅವಳು ಹಿಮೇಜಿ ಎಂಬ ಊರಿನ ಕೋಟೆಯನ್ನು ನೋಡಿಬಂದಿದ್ದಳು. ಬೆಳ್ಳಗಿನ ಗೋಡೆ, ರೆಕ್ಕೆ ಬಿಚ್ಚಿದಂಥ ಮಾಡು. ಅಲ್ಲಿಯವರು ಅದನ್ನು ಬೆಳ್ಳಕ್ಕಿಯ ಕೋಟೆ ಎನ್ನುತ್ತಾರಂತೆ. 1609ರಲ್ಲಿ ಈಗಿನ ರೂಪಕ್ಕೆ ಬಂದ ಆ ಕೋಟೆ ಒಂದು ಯುದ್ಧವನ್ನೂ ಕಂಡದ್ದಲ್ಲ. 1945ರಲ್ಲಿ ವಿಮಾನದಿಂದ ಬಾಂಬು ಸುರಿದು ಊರೆಲ್ಲ ಸುಟ್ಟಾಗಲೂ ಅದು ಮಾತ್ರ ನಿಂತಿತ್ತು. ಮಧ್ಯಾಹ್ನ ಅದೇ ಊರಿನ ಶೋಷಾ ಬೆಟ್ಟಕ್ಕೆ ತಂತಿಯ ಮೇಲೆ ತೂಗುವ ಪೆಟ್ಟಿಗೆಯಲ್ಲಿ ಕುಳಿತು ಹೋಗಿ, 966ರಲ್ಲಿ ಸ್ಥಾಪನೆಯಾದ ಎಂಗ್ಯೋಜಿ ಎಂಬ ಬೌದ್ಧ ದೇವಾಲಯವನ್ನು ನೋಡಿದಳಂತೆ. ಬಾವುಟ ಹಿಡಿದ ಮಾರ್ಗದರ್ಶಿ ಮುಂದೆ, ಇವರೆಲ್ಲ ಹಿಂದೆ.

ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು: “ಇಲ್ಲಿಯವರು ಕೋಟೆ, ಬೆಟ್ಟ, ಗುಡಿ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ಸಂಜೆಗೆ ಮನೆ ಸೇರಿಸುತ್ತಾರೆ. ನೀವು ಇಷ್ಟು ವರ್ಷದಿಂದ ಗುಜರಾತಿನಲ್ಲಿದ್ದೀರಿ. ಅಲ್ಲಿ ಇಂಥದ್ದು ಯಾವುದೂ ಇಲ್ಲವೆ?”

ಇಲ್ಲದೇನು? ವಡೋದರೆಯಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ. ಮೇಲೆ ಪಾವಾಗಢ, ಕೆಳಗೆ ಚಾಂಪಾನೇರ್. 2004ರಲ್ಲಿ ಯುನೆಸ್ಕೋದವರು ಎರಡನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿದರು. ಗುಜರಾತಿನ ಪಾಲಿಗೆ ಅದೇ ಮೊದಲನೆಯದು. ಪಾಟಣದ ರಾಣಿಯ ಬಾವಿ, ಅಹಮದಾಬಾದಿನ ಹಳೇ ಪೇಟೆ, ಧೋಲಾವೀರಾ ಎಲ್ಲವೂ ಆಮೇಲೆ ಬಂದವು. ನಮ್ಮಲ್ಲಿ ಪಾವಾಗಢಕ್ಕೆ ಹೋಗದ ಮನೆಯೂ ಕಡಿಮೆಯೇ. ಆದರೆ ಹೋಗುವುದು ಹೇಗೆ? ಭಾನುವಾರ ಓಡಿ ಹೋಗಿ, ಸರದಿಯಲ್ಲಿ ನಿಂತು, ದೇವಿಗೆ ಚುನರಿ ಒಪ್ಪಿಸಿ, ಕತ್ತಲಾಗುವುದರೊಳಗೆ ಓಡಿ ಬರುವುದು. ನಾನು ಈ ಸೀಮೆಗೆ ಬಂದು 34 ವರ್ಷವಾಯಿತು, ಮೂರು ಸಲ ಹಾಗೆಯೇ ಹೋಗಿಬಂದಿದ್ದೆ. ಬೆಟ್ಟದ ಬುಡದಲ್ಲಿ ಒಂದು ಇಡೀ ರಾಜಧಾನಿ ಬಿದ್ದಿದೆ ಎಂಬುದು ಗೊತ್ತಿತ್ತು. ಬಸ್ಸಿನ ಕಿಟಕಿಯಿಂದ ನೋಡಿಯೂ ಇದ್ದೆ. ಇಳಿದು ನೋಡಿರಲಿಲ್ಲ.

ಆ ಕಾಗದವನ್ನು ಕಾರ್ಯದರ್ಶಿಗಳು ಸಭೆಯಲ್ಲಿ ಓದಿದ ದಿನವೇ ಪ್ರವಾಸ ನಿಶ್ಚಯವಾಯಿತು. ಜನವರಿಯ ಒಂದು ಶನಿವಾರ. ಸಚಿನ್ ಮತ್ತು ಸೂರತ್ತಿನವರಿಗೆ ಒಂದು ಬಸ್ಸು, ವಡೋದರೆಯವರು ದಾರಿಯಲ್ಲಿ ಹತ್ತುವುದು, ಅಹಮದಾಬಾದಿನವರು ತಮ್ಮ ಗಾಡಿಯಲ್ಲಿ ನೇರವಾಗಿ ಬರುವುದು. ಒಬ್ಬ ಮಾರ್ಗದರ್ಶಿಯನ್ನೂ ಗೊತ್ತು ಮಾಡಿದರು. ಬಾವುಟ ಮಾತ್ರ ಸಿಗಲಿಲ್ಲ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಅವಳಿಗೆ 76 ವರ್ಷ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ನಾವಿಬ್ಬರೂ ಹುಟ್ಟಿದ ಮನೆಯಲ್ಲೇ ಅವಳು ಇದ್ದದ್ದು. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಮಗುವನ್ನೆತ್ತಿಕೊಂಡು ತಂದೆಯ ಮನೆಗೆ ಬಂದಳು. ತಂದೆತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ. ನಾನು ಇಪ್ಪತ್ತೆರಡಕ್ಕೇ ಊರು ಬಿಟ್ಟವನು, ಮನೆಯ ಹಕ್ಕನ್ನು ಅವಳ ಹೆಸರಿಗೆ ಬರೆದುಕೊಟ್ಟೆ. ಅದೊಂದೇ ನಾನು ಮಾಡಿದ ಉಪಕಾರ, ಅದೂ ಉಪಕಾರವಲ್ಲ. ಅವಳ ಮಗ ಸಚಿನ್ನಿನ ಒಂದು ಬಣ್ಣದ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಹೋದ ಮಳೆಗಾಲದಲ್ಲಿ ಹೆಂಚು ಸೋರಿ, ಅವಳು ಜಾರಿ ಬಿದ್ದು, ಅವನು ಹೋಗಿ ಇಲ್ಲಿಗೆ ಕರೆದುತಂದ. ಮನೆಗೆ ಬೀಗ ಬಿತ್ತು. ಆರು ತಿಂಗಳಲ್ಲಿ ಕೊಳ್ಳುವವರೂ ಬಂದರು, ಕಾಗದಪತ್ರವೂ ಸಿದ್ಧವಾಯಿತು. ಬಾಕಿ ಉಳಿದದ್ದು ಅಕ್ಕನ ರುಜು. ಅಕ್ಕ ‘ಇಲ್ಲ’ ಎನ್ನುತ್ತಿರಲಿಲ್ಲ, ‘ಆಗಲಿ’ ಎಂದೂ ಅನ್ನುತ್ತಿರಲಿಲ್ಲ. ಅಳಿಯ ನನ್ನ ಬಳಿ ಬಂದು, “ಮಾಮ, ನೀವೇ ಒಂದು ಮಾತು ಹೇಳಿ” ಎಂದ. ಹೇಳುತ್ತೇನೆಂದು ಒಪ್ಪಿಕೊಂಡಿದ್ದೆ. ಪ್ರವಾಸದ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗ ಹೇಳಿದರಾಯಿತೆಂದು ಮನಸ್ಸಿನಲ್ಲಿತ್ತು.

“ನಾನು ಬಂದು ಏನು ಮಾಡ್ಲೋ ಅಲ್ಲಿ?” ಎಂದಳು ಅಕ್ಕ. “ಭಾಷೆ ಬರಲ್ಲ, ಮೊಣಕಾಲು ಬಗ್ಗಲ್ಲ.”

“ದೇವಿ ದರ್ಶನ ಆಗುತ್ತೆ, ಬಾ.”

“ದೇವಿಗಾದ್ರೂ ಕನ್ನಡ ಬರುತ್ತೇನೋ?”

ಅಂತೂ ಬಂದಳು.

ಬೆಳಗಿನ ಜಾವ ಮೂರೂವರೆಗೆ ಸಚಿನ್ ಬಿಟ್ಟೆವು. ಬಸ್ಸಿಗೆ ಮೊದಲು ಹತ್ತಿದ್ದು ಚಿತ್ರಾನ್ನದ ಪಾತ್ರೆ, ಆಮೇಲೆ ಮೊಸರನ್ನದ್ದು, ಆಮೇಲೆ ಮನುಷ್ಯರು. ನರ್ಮದೆಯನ್ನು ದಾಟುವಾಗ ಇನ್ನೂ ಕತ್ತಲೆ. ಭರೂಚದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರ ಕೈಗೂ ಅಲ್ಲಿನ ಪ್ರಸಿದ್ಧವಾದ ಉಪ್ಪು ಕಡಲೆಕಾಯಿ ಬೀಜ ಬಂತು. ಅಲ್ಲಿಂದ ಮುಂದೆ ನಮ್ಮ ಜೊತೆಗಿದ್ದ ನಿವೃತ್ತ ಉಪಾಧ್ಯಾಯರು ಸುಮ್ಮನಿರಲಾರದೆ ಮಕ್ಕಳಿಗೆ ಪ್ರಶ್ನೆ ಹಾಕತೊಡಗಿದರು. ಗುಜರಾತಿನ ರಾಜಮಾತೆಯಾದ ಕನ್ನಡನಾಡಿನ ಹುಡುಗಿ ಯಾರು? ಯಾರಿಗೂ ತಿಳಿಯದು. ಕೊನೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು “ಮೀನಳದೇವಿ” ಎಂದಳು. ಸರಿಯಾದ ಉತ್ತರವೇ. ಕದಂಬ ಜಯಕೇಶಿಯ ಮಗಳು ಮಯಣಲ್ಲಾದೇವಿ, ಸಿದ್ಧರಾಜ ಜಯಸಿಂಹನ ತಾಯಿ. ಗುಜರಾತಿನವರು ಮೀನಳದೇವಿ ಎಂದು ಕರೆಯುತ್ತಾರೆ; ಇದೇ ಭರೂಚದಲ್ಲಿ ಹುಟ್ಟಿದ ಕನ್ನಯ್ಯಾಲಾಲ್ ಮುನ್ಶಿಯವರ ಕಾದಂಬರಿಯಿಂದಾಗಿ ಮನೆಮನೆಗೂ ಗೊತ್ತು. ಸೋಮನಾಥದ ದಾರಿಯಲ್ಲಿ ಬಾಹುಲೋಡ ಎಂಬಲ್ಲಿ ಯಾತ್ರಿಕರಿಂದ ಸುಂಕ ಎತ್ತುತ್ತಿದ್ದರಂತೆ. ಕೊಡಲಾರದ ಬಡವರು ಅಳುತ್ತ ಹಿಂದಿರುಗುವುದನ್ನು ನೋಡಿ ಆಕೆ ತಾನೂ ಯಾತ್ರೆ ಬಿಟ್ಟು ಹಿಂದಿರುಗಿದಳು, ಮಗ ಸುಂಕವನ್ನೇ ತೆಗೆದುಹಾಕಿದ ಎಂದು ಮೇರುತುಂಗನ ‘ಪ್ರಬಂಧಚಿಂತಾಮಣಿ’ ಹೇಳುತ್ತದೆ. ಅಕ್ಕ ಇದನ್ನು ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಅವಳಿಗೂ ಭಾಷೆ ಬರ್ತಿರಲಿಲ್ಲ, ಪಾಪ” ಎಂದಳು. ಅದು ಯಾವ ಪುಸ್ತಕದಲ್ಲೂ ಬರೆದಿಲ್ಲದ ಮಾತು. ಮನೆಯ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

ಹಾಲೋಲ್ ದಾಟುವ ಹೊತ್ತಿಗೆ ಬೆಟ್ಟ ಕಾಣಿಸಿತು. ಪಾವಾಗಢವನ್ನು ದೂರದಿಂದ ನೋಡುವುದೇ ಒಂದು ಚೆಂದ. ಸುತ್ತ ಬಯಲು, ನಡುವೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಎದ್ದ ಜ್ವಾಲಾಮುಖಿಯ ಕಲ್ಲು. ವಡೋದರೆಯವರಿಗೆ ಒಂದು ಮಾತು: ನಿಮ್ಮ ವಿಶ್ವಾಮಿತ್ರಿ ಹುಟ್ಟುವುದು ಇದೇ ಬೆಟ್ಟದಲ್ಲಿ. 2024ರ ಆಗಸ್ಟಿನಲ್ಲಿ ನಿಮ್ಮ ಮನೆಯೊಳಗೆ ಬಂದ ನೀರಿನ ತವರುಮನೆ ಇದು.

ಮಾರ್ಗದರ್ಶಿ ರಸ್ತೆಯ ಬದಿಯಲ್ಲೇ ನಮಗಾಗಿ ಕಾದಿದ್ದ. ಹಾಲೋಲಿನ ಹುಡುಗ, ಇಪ್ಪತ್ತೆಂಟು ಮೂವತ್ತರ ವಯಸ್ಸು, ಸ್ಪಷ್ಟವಾದ ಹಿಂದಿ. ಅವನು ಹಿಂದಿಯಲ್ಲಿ ಹೇಳುವುದು, ನಾನು ಹಿರಿಯರಿಗೆ ಕನ್ನಡದಲ್ಲಿ ಹೇಳುವುದು ಎಂದು ಏರ್ಪಾಡಾಯಿತು. ಮೊದಲು ತೋರಿಸಿದ್ದು ಊರಿನ ಹೊರಗಿರುವ ಸುರುಳಿ ಬಾವಿ. ಹದಿನಾರನೆಯ ಶತಮಾನದ್ದು. ದುಂಡು ಬಾವಿಯ ಗೋಡೆಗೆ ಅಂಟಿಕೊಂಡ ಮೆಟ್ಟಿಲು ಶಂಖದ ಒಳಸುತ್ತಿನಂತೆ ತಿರುಗುತ್ತ ನೀರಿಗೆ ಇಳಿಯುತ್ತದೆ. ಅಕ್ಕಪಕ್ಕ ಹಿಡಿಯಲು ಏನೂ ಇಲ್ಲ. ಮಕ್ಕಳ ಕೈ ಹಿಡಿದುಕೊಂಡೇ ನೋಡಬೇಕು.

ಅಲ್ಲಿಂದ ಜಾಮಿ ಮಸೀದಿ. ಇಲ್ಲಿ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಈ ಬೆಟ್ಟ ಖೀಚೀ ಚೌಹಾಣ ರಜಪೂತರ ಕೈಯಲ್ಲಿತ್ತು. ಅವರ ಕೊನೆಯ ದೊರೆ ಜಯಸಿಂಹ. ಜನ ಅವನನ್ನು ಪತಾಈ ರಾವಲ್ ಎನ್ನುತ್ತಾರೆ. ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ ಸುಮಾರು ಇಪ್ಪತ್ತು ತಿಂಗಳು ಮುತ್ತಿಗೆ ಹಾಕಿ 1484ರಲ್ಲಿ ಕೋಟೆಯನ್ನು ಹಿಡಿದ. ಇದಕ್ಕೆ ಮೊದಲೇ ಜುನಾಗಢವನ್ನು ಗೆದ್ದಿದ್ದ. ಎರಡು ಗಢಗಳನ್ನು ಗೆದ್ದವನಾದ್ದರಿಂದ ‘ಬೇ ಗಢ’, ಬೇಗಡಾ ಎಂಬುದು ಒಂದು ವಿವರಣೆ. ಈ ಸುಲ್ತಾನನ ಊಟದ ಕಥೆ ಹೇಳಿದರೆ ಮಕ್ಕಳು ಇತಿಹಾಸವನ್ನು ಮರೆಯುವುದಿಲ್ಲ. ರಾತ್ರಿ ಯಾವ ಮಗ್ಗುಲಿಗೆ ಎಚ್ಚರವಾದರೂ ಕೈಗೆ ಸಿಗಲೆಂದು ಹಾಸಿಗೆಯ ಎರಡೂ ಪಕ್ಕದಲ್ಲಿ ಸಮೋಸದ ತಟ್ಟೆ ಇಡಿಸುತ್ತಿದ್ದನೆಂದು ‘ಮಿರಾತೆ ಸಿಕಂದರಿ’ ಬರೆದಿದೆ. ಇದನ್ನು ಕೇಳಿದ ಮೇಲೆ ನಮ್ಮ ಬಸ್ಸಿನಲ್ಲಿ ಚಿತ್ರಾನ್ನದ ವಿಚಾರಣೆ ಒಂಬತ್ತು ಗಂಟೆಗೇ ಶುರುವಾಯಿತು.

ತಿಂಡಿಪೋತನಾದರೂ ಕಟ್ಟಿಸಿದ್ದನ್ನು ನೋಡಿದರೆ ಕೈ ಮುಗಿಯಬೇಕು. ರಾಜಧಾನಿಯನ್ನೇ ಅಹಮದಾಬಾದಿನಿಂದ ಇಲ್ಲಿಗೆ ತಂದು, ಮುಹಮ್ಮದಾಬಾದ್ ಎಂದು ಹೆಸರಿಟ್ಟು, 1511ರಲ್ಲಿ ಸಾಯುವವರೆಗೂ ಕಟ್ಟಿಸುತ್ತಲೇ ಇದ್ದ. ಮಸೀದಿಯ ಮುಂಬಾಗಿಲಿನ ಇಕ್ಕೆಲದಲ್ಲಿ ಸುಮಾರು 30 ಮೀಟರು ಎತ್ತರದ ಎರಡು ಮಿನಾರು. ಒಳಗೆ ಕಲ್ಲುಕಂಬಗಳ ತೋಪು. ಕಂಬಗಳು 172 ಎಂದು ಹುಡುಗ ಹೇಳಿದ. ಮಕ್ಕಳು ಎಣಿಸಹೋಗಿ ನಾಲ್ಕು ಬೇರೆ ಬೇರೆ ಉತ್ತರ ತಂದರು. ನಡುವಣ ಗುಮ್ಮಟದ ಕೆಳಗೆ ಅಂತಸ್ತಿನ ಮೇಲೆ ಅಂತಸ್ತು. ಸುತ್ತಲೂ ಕಲ್ಲಿನ ಜಾಲಂಧ್ರ. ಬೆಳಗಿನ ಬಿಸಿಲು ಆ ಜಾಲರಿಯಿಂದ ಬಿದ್ದು ನೆಲದ ಮೇಲೆ ರಂಗೋಲಿ ಬಿಡಿಸಿತ್ತು. ಕೆತ್ತಿದವರು ಇಲ್ಲಿಯ ಶಿಲ್ಪಿಗಳೇ. ಗುಡಿಯಲ್ಲಿ ಕೆತ್ತುತ್ತಿದ್ದ ಕಮಲ, ಬಳ್ಳಿ, ಕಲಶ ಎಲ್ಲವೂ ಇಲ್ಲಿಯೂ ಇವೆ; ವಿಗ್ರಹ ಮಾತ್ರ ಇಲ್ಲ. ಅಕ್ಕ ಒಂದು ಕಂಬಕ್ಕೆ ಒರಗಿ ಕುಳಿತು ಕಲ್ಲಿನ ಮೇಲೆ ಕೈಯಾಡಿಸಿದಳು. “ನಮ್ಮೂರಿನ ಕಂಬ ಇನ್ನೂ ನುಣುಪು” ಎಂದಳು. ಬಳ್ಳಿಗಾವೆಯ ಕೇದಾರೇಶ್ವರನ ಗುಡಿಯ ತಿರುಗಣೆಯ ಕಂಬಗಳಲ್ಲಿ ಮುಖ ನೋಡಿಕೊಂಡು ಬೆಳೆದವಳು, ಬೇರೇನು ಹೇಳಿಯಾಳು?

ಊರು ಬಾಳಿದ್ದು ಐವತ್ತು ವರ್ಷ ಮಾತ್ರ. 1535ರಲ್ಲಿ ಮೊಗಲ ಹುಮಾಯೂನ್ ಬಂದ. ಸುಲ್ತಾನ ಬಹಾದ್ದೂರ್ ಷಾ ದೀವ್ ಕಡೆಗೆ ಓಡಿದ, ಆದರೂ ಬೆಟ್ಟದ ಮೇಲಿನ ಕೋಟೆ ಬಗ್ಗಲಿಲ್ಲ. ಒಂದು ದಿನ ಕಾಡಿನೊಳಗಿನಿಂದ ಹಳ್ಳಿಯವರು ಕೆಲವರು ಹೊರಬರುವುದನ್ನು ಹುಮಾಯೂನ್ ಕಂಡ. ವಿಚಾರಿಸಿದರೆ, ಯಾರೂ ಕಾವಲಿಲ್ಲದ ಕಡಿದಾದ ಬಂಡೆಯ ಬುಡಕ್ಕೆ ಹೋಗಿ, ಧಾನ್ಯವನ್ನೂ ತುಪ್ಪವನ್ನೂ ಕೋಟೆಯವರಿಗೆ ಮಾರಿ ಬರುತ್ತಿದ್ದರು. ಮೇಲಿನವರು ಹಗ್ಗ ಬಿಟ್ಟು ಎಳೆದುಕೊಳ್ಳುತ್ತಿದ್ದರು. ಅದೇ ಬಂಡೆಗೆ ರಾತ್ರಿಯಲ್ಲಿ ಕಬ್ಬಿಣದ ಗೂಟ ಹೊಡೆಸಿ, ಅವುಗಳ ಮೇಲೆ ಕಾಲಿಟ್ಟು ಮೊಗಲರು ಹತ್ತಿದರು. ಹತ್ತಿದವರಲ್ಲಿ ಬೈರಾಮ್ ಖಾನನೂ ಇದ್ದ, ಹುಮಾಯೂನನೂ ಇದ್ದ. ತುಪ್ಪ ಬಂದ ದಾರಿಯಲ್ಲೇ ಶತ್ರುವೂ ಬಂದ. ಆಮೇಲೆ ರಾಜಧಾನಿ ಮತ್ತೆ ಅಹಮದಾಬಾದಿಗೆ ಹೋಯಿತು, ಜನರೂ ಹೋದರು, ಕಾಡು ಬಂದಿತು. ನಮ್ಮ ಹಂಪೆ ಹಾಳಾದದ್ದು ಇದಾದ ಮೂವತ್ತು ವರ್ಷಕ್ಕೆ, 1565ರಲ್ಲಿ. ಹಂಪೆಯನ್ನು ನೋಡಿದವರಿಗೆ ಚಾಂಪಾನೇರಿನಲ್ಲಿ ಕಾಲಿಟ್ಟ ಕೂಡಲೇ ಆ ಗಾಳಿಯ ಪರಿಚಯವಾಗುತ್ತದೆ. ಹಿಮೇಜಿಯ ಕೋಟೆಗೆ ಸಿಕ್ಕ ಭಾಗ್ಯ ಎಲ್ಲ ಕೋಟೆಗಳಿಗೂ ಸಿಗುವುದಿಲ್ಲ.

ಬೆಟ್ಟಕ್ಕೆ ನಮ್ಮ ಬಸ್ಸನ್ನು ಕೆಳಗೇ ಬಿಟ್ಟು, ಸರ್ಕಾರಿ ಬಸ್ಸಿನಲ್ಲಿ ಮಾಚಿ ಎಂಬಲ್ಲಿಯವರೆಗೆ ಹೋಗಬೇಕು. ದಾರಿಯಲ್ಲಿ ಕೋಟೆಯ ಬಾಗಿಲುಗಳು ಒಂದರ ಮೇಲೊಂದು ಬರುತ್ತವೆ, ಸಾತ್ ಕಮಾನ್ ಎಂಬ ಕಲ್ಲುಕಮಾನುಗಳ ಸಾಲೂ ಇದೆ. ಮಾಚಿಯಿಂದ ಮುಂದೆ ಗಟ್ಟಿಗರಿಗೆ ಮೆಟ್ಟಿಲು. ಉಳಿದವರಿಗೆ 1986ರಿಂದ ಓಡುತ್ತಿರುವ ರೋಪ್‌ವೇ, ಇಲ್ಲಿಯವರ ಬಾಯಲ್ಲಿ ಉಡನ್ ಖಟೋಲಾ. ಪೆಟ್ಟಿಗೆ ನೆಲ ಬಿಟ್ಟ ಕೂಡಲೇ ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. 2025ರ ಸೆಪ್ಟೆಂಬರಿನಲ್ಲಿ ಇದೇ ಬೆಟ್ಟದಲ್ಲಿ ಸಾಮಾನು ಸಾಗಿಸುವ ಬೇರೊಂದು ತಂತಿಮಾರ್ಗ ಕಡಿದುಬಿದ್ದು ಆರು ಜನ ಸತ್ತದ್ದು ನನಗೆ ನೆನಪಿತ್ತು. ಯಾತ್ರಿಕರ ಸುಖಕ್ಕಾಗಿ ಕಲ್ಲು ಕಬ್ಬಿಣ ಮೇಲೆ ಹೋಗುತ್ತದೆ. ಅದರ ಜೊತೆಗೆ ಯಾರು ಹೋಗುತ್ತಾರೆಂದು ನಾವು ಕೇಳುವುದಿಲ್ಲ. ಅಕ್ಕನಿಗೆ ಅದನ್ನು ಹೇಳಲಿಲ್ಲ.

ಮೇಲಿಳಿದು ಇನ್ನೂ ಸುಮಾರು ಇನ್ನೂರೈವತ್ತು ಮೆಟ್ಟಿಲು ಹತ್ತಿದರೆ ಕಾಳಿಕಾ ಮಾತೆಯ ಗುಡಿ. ಎಂಟನೆಯ ತರಗತಿಯ ಆ ಹುಡುಗಿ ಅಕ್ಕನ ಕೈ ಹಿಡಿದು ಹತ್ತಿಸುತ್ತ, ತನ್ನ ಅರೆಗನ್ನಡದಲ್ಲಿ ಪತಾಈ ರಾವಲನ ಕಥೆ ಹೇಳಿದಳು: ನವರಾತ್ರಿಯಲ್ಲಿ ದೇವಿಯೇ ಹೆಣ್ಣಿನ ರೂಪದಲ್ಲಿ ಗರ್ಬಾ ಆಡಲು ಬಂದದ್ದು, ರಾಜ ಮದದಿಂದ ಅವಳ ಸೆರಗು ಹಿಡಿದದ್ದು, ದೇವಿ ಶಪಿಸಿದ್ದು, ರಾಜ್ಯ ಹೋದದ್ದು. ಅಕ್ಕ ಎಲ್ಲ ಕೇಳಿ, “ಸೋತವರ ಮೇಲೆ ಕಥೆ ಕಟ್ಟೋದು ಸುಲಭ ಮಗಾ” ಎಂದಳು. ಹುಡುಗಿಗೆ ಅರ್ಥವಾಯಿತೋ ಇಲ್ಲವೋ. ಅಜ್ಜಿ ಮಾತನಾಡಿದಳೆಂದು ಖುಷಿಪಟ್ಟಳು. ಶತಮಾನಗಳ ಕಾಲ ಈ ಗುಡಿಗೆ ಶಿಖರವಿರಲಿಲ್ಲ, ಮೇಲೆ ಸದನ್ ಷಾ ಪೀರನ ದರ್ಗಾ ಇತ್ತು. ದರ್ಗಾವನ್ನು ಒಪ್ಪಂದದಿಂದ ಪಕ್ಕಕ್ಕೆ ಸ್ಥಳಾಂತರಿಸಿ, ಗುಡಿಯನ್ನು ಹೊಸದಾಗಿ ಕಟ್ಟಿ, 2022ರ ಜೂನ್ 18ರಂದು ಪ್ರಧಾನಿ ನರೇಂದ್ರ ಮೋದಿಯವರ ಕೈಯಿಂದ ಧ್ವಜ ಏರಿಸಿದರು. ನಮಗೆ ದರ್ಶನಕ್ಕೆ ಒಂದು ಗಂಟೆಯ ಮೇಲೆ ಹಿಡಿಯಿತು. ಕೆಂಪು ಮುಖದ ದೇವಿ, ದೊಡ್ಡ ಕಣ್ಣು. ಕೈ ಮುಗಿಯುವಷ್ಟರಲ್ಲಿ ಹಿಂದಿನವರು ತಳ್ಳಿದರು.

ಕೆಳಗೆ ನೋಡಿದರೆ ಬೆಟ್ಟದ ಮಡಿಲಲ್ಲಿ ಕೆರೆಗಳು. ಇವುಗಳ ಹೆಸರು ಕೇಳಿದರೆ ಯಾವ ಗೃಹಿಣಿಗೂ ಸಂತೋಷವಾದೀತು: ದೂಧಿಯಾ, ಛಾಸಿಯಾ, ತೇಲಿಯಾ. ಹಾಲಿನ ಕೆರೆ, ಮಜ್ಜಿಗೆಯ ಕೆರೆ, ಎಣ್ಣೆಯ ಕೆರೆ. ಅಷ್ಟು ಎತ್ತರದಲ್ಲಿ ಒಂದು ದಂಡನ್ನು ತಿಂಗಳುಗಟ್ಟಲೆ ಸಾಕಿದ್ದು ಈ ನೀರೇ. ಮಳೆ ಬಿದ್ದದ್ದನ್ನು ಬಂಡೆಯ ತಗ್ಗಿನಲ್ಲಿ ಹಿಡಿದಿಟ್ಟು ಬಾಳಿದವರು.

ಮಾರ್ಗದರ್ಶಿಯ ಪ್ರಕಾರ ಇಲ್ಲಿಗೆ ಮುಗಿಯಿತು, ಇನ್ನು ಕೆಳಗಿಳಿದು ಊಟ. ಆದರೆ ನನಗೆ ಒಂದು ಹಟವಿತ್ತು. ಛಾಸಿಯಾ ಕೆರೆಯ ದಡದಲ್ಲಿ ಲಕುಲೀಶನ ಗುಡಿಯಿದೆ, ಹತ್ತು ಹನ್ನೊಂದನೆಯ ಶತಮಾನದ್ದು, ಈ ಬೆಟ್ಟದಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಹಳೆಯದು ಎಂದು ಓದಿದ್ದೆ. ಕೇಳಿದೆ. “ಅಲ್ಲಿಗೆ ಯಾರೂ ಹೋಗುವುದಿಲ್ಲ ಸಾಹೇಬ್” ಎಂದ ಹುಡುಗ. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. ಮಕ್ಕಳಿಗೆ ಹಸಿವು. ಎರಡು ಮಾತು ಜೋರಾಗಿಯೇ ಆಯಿತು. ನಾನೂ ಸ್ವಲ್ಪ ಹೆಚ್ಚಾಗಿ ಮಾತನಾಡಿದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಅರ್ಧ ಜನ ಉಡನ್ ಖಟೋಲಾದ ಕಡೆಗೆ, ಒಂಬತ್ತು ಜನ ನನ್ನ ಹಿಂದೆ. ಅಕ್ಕ ಮೊದಲನೆಯ ಗುಂಪಿಗೆ ಸೇರುವಳೆಂದುಕೊಂಡಿದ್ದೆ. “ಮೊಣಕಾಲು ಆಗಲೇ ಹಾಳಾಗಿದೆ, ಇನ್ನೇನು” ಎಂದು ಹಿಂದೆಯೇ ಬಂದಳು.

ಗುಡಿ ಅರ್ಧ ಬಿದ್ದಿದೆ. ಶಿಖರವಿಲ್ಲ. ಮಂಟಪದ ಗೋಡೆ, ಗರ್ಭಗುಡಿಯ ಭಾಗ ನಿಂತಿವೆ. ಮೈತುಂಬ ಶಿಲ್ಪ, ಬಹಳಷ್ಟು ಸವೆದಿದೆ. ದಕ್ಷಿಣಾಮೂರ್ತಿ, ಗಜೇಂದ್ರಮೋಕ್ಷ, ಅಂಬಿಕೆ. ಅವರ ನಡುವೆ ಪದ್ಮಾಸನದಲ್ಲಿ ಕುಳಿತು ದಂಡ ಹಿಡಿದ ಲಕುಲೀಶ. ತಳ್ಳುವವರಿಲ್ಲ, ಗಂಟೆಯ ಸದ್ದಿಲ್ಲ. ನೀರಿನ ಮೇಲಿನ ಗಾಳಿ ಮಾತ್ರ.

ಲಕುಲೀಶನೆಂದರೆ ಪಾಶುಪತ ಮತದ ಆಚಾರ್ಯ. ಶಿವನೇ ಒಂದು ಶವದ ಕಾಯದೊಳಗೆ ಇಳಿದುಬಂದನೆಂದು ಅವನ ಭಕ್ತರು ನಂಬಿದರು. ಇಳಿದ ಜಾಗವೇ ಕಾಯಾವರೋಹಣ. ಈಗಿನ ಕಾರ್ವಣ, ವಡೋದರೆಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಮಥುರೆಯಲ್ಲಿ ಸಿಕ್ಕ ಕ್ರಿ.ಶ. 380ರ ಒಂದು ಶಾಸನದಲ್ಲಿ ಅವನ ಶಿಷ್ಯ ಕುಶಿಕನಿಂದ ಹತ್ತನೆಯವನಾದ ಆಚಾರ್ಯನೊಬ್ಬನ ಹೆಸರಿದೆ. ಅದನ್ನು ಹಿಡಿದು ಲೆಕ್ಕ ಹಾಕಿ ವಿದ್ವಾಂಸರು ಲಕುಲೀಶನನ್ನು ಎರಡನೆಯ ಶತಮಾನದ ಹೊತ್ತಿಗೆ ಇಡುತ್ತಾರೆ. ಅವನ ಮಾತು ಗುಜರಾತಿನಿಂದ ಹೊರಟು ದಕ್ಷಿಣಕ್ಕೆ ನಡೆದು ಎಲ್ಲಿ ಮನೆ ಮಾಡಿತು? ಕನ್ನಡ ನಾಡಿನಲ್ಲಿ. ಕಾಳಾಮುಖರೆಂದು ಕರೆಸಿಕೊಂಡ ಶೈವ ಗುರುಗಳು ಚಾಲುಕ್ಯರ ಕಾಲದಲ್ಲಿ ಊರೂರಿಗೆ ಮಠ ಕಟ್ಟಿ ಲಾಕುಲ ಸಿದ್ಧಾಂತವನ್ನು ಓದಿಸಿದರು. ಅವುಗಳಲ್ಲಿ ತಲೆಯೆತ್ತಿ ನಿಂತದ್ದು ಬಳ್ಳಿಗಾವೆಯ ಕೇದಾರೇಶ್ವರದ ಕೋಡಿಯ ಮಠ.

ಇದನ್ನು ನಾನು ಒಂಬತ್ತು ಜನರಿಗೂ ಕನ್ನಡದಲ್ಲಿ ಹೇಳುತ್ತಿದ್ದೆ. ‘ಕೋಡಿಯ ಮಠ’ ಎಂದ ಕೂಡಲೇ ಅಕ್ಕ ತಲೆಯೆತ್ತಿದಳು.

“ನಮ್ಮ ಕೋಡಿ ಮಠವೇನೋ?”

“ಅದೇ ಅಕ್ಕ. ಈ ಗುಡಿಯ ಸ್ವಾಮಿಯ ಶಿಷ್ಯರ ಶಿಷ್ಯರು ಕಟ್ಟಿದ್ದು.”

ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ನನ್ನ ಕಡೆಗಲ್ಲ, ಮಾರ್ಗದರ್ಶಿಯ ಕಡೆಗೆ ತಿರುಗಿ ಕನ್ನಡದಲ್ಲೇ ಮಾತನಾಡತೊಡಗಿದಳು. ಅವನಿಗೆ ತಿಳಿಯುವುದಿಲ್ಲವೆಂಬುದು ಅವಳಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಬೇಕಾಗಿರಲಿಲ್ಲವೋ. ಈಗ ಅವಳ ಮಾತನ್ನು ಹಿಂದಿಗೆ ತಿರುಗಿಸುವ ಕೆಲಸ ನನ್ನದಾಯಿತು. ಆ ಮಠದಲ್ಲಿ ವೇದ ಓದಿಸುತ್ತಿದ್ದರು, ಪಾಣಿನಿಯ ವ್ಯಾಕರಣ, ಶಾಕಟಾಯನನ ವ್ಯಾಕರಣ, ಯೋಗಶಾಸ್ತ್ರ ಎಲ್ಲ ಓದಿಸುತ್ತಿದ್ದರು. ಅದಕ್ಕಿಂತ ದೊಡ್ಡದು, ಬಂದವರಿಗೆಲ್ಲ ಅನ್ನ ಹಾಕುತ್ತಿದ್ದರು. ಕುರುಡ, ಕುಂಟ, ಕಿವುಡ, ದಿಕ್ಕಿಲ್ಲದವ, ಯಾರನ್ನೂ ಕೇಳುತ್ತಿರಲಿಲ್ಲ. ಕಾಯಿಲೆಯವರಿಗೆ ಮದ್ದು ಕೊಡುತ್ತಿದ್ದರು. ಕಲ್ಲಿನ ಮೇಲೆ ಬರೆದಿದೆ, ನಮ್ಮ ಮೇಷ್ಟ್ರು ಓದಿ ಹೇಳಿದ್ದರು.

ನಿಜ. 1162ರ ಶಾಸನ ಅದು. ಮೇಷ್ಟರು ನಮ್ಮಿಬ್ಬರಿಗೂ ಓದಿ ಹೇಳಿದ್ದರು, ಅವಳಿಗೆ ಮೊದಲು, ಎಷ್ಟೋ ವರ್ಷದ ಮೇಲೆ ನನಗೆ. ಅವಳು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳು, ಒಂದು ಹೆಸರನ್ನೂ ಬಿಡಲಿಲ್ಲ. ನಾನು ಶಾಕಟಾಯನನನ್ನು ಮರೆತಿದ್ದೆ.

ಹುಡುಗ ತನ್ನ ಫೋನು ತೆಗೆದು ಊರಿನ ಹೆಸರು ಕೇಳಿ ಬರೆದುಕೊಂಡ. “ಬಳ್ಳಿಗಾವೆ” ಎಂಬುದನ್ನು ಅಕ್ಕ ಮೂರು ಸಲ ಹೇಳಿಸಿದಳು, ‘ಳ’ಕಾರ ಸರಿಯಾಗುವವರೆಗೆ. ಗುಜರಾತಿಯವರಿಗೆ ‘ಳ’ ಕಷ್ಟವಲ್ಲ, ಬೇಗ ಬಂದಿತು. ಆಮೇಲೆ ಅವನು ಹೇಳಿದ: ಅವನ ತಾಯಿಯ ತವರು ಕಾರ್ವಣದ ಪಕ್ಕದ ಹಳ್ಳಿ. ಚಿಕ್ಕಂದಿನಲ್ಲಿ ಶಿವರಾತ್ರಿಗೆ ಅಲ್ಲಿಗೆ ಹೋಗುತ್ತಿದ್ದನಂತೆ. ಲಕುಲೀಶನ ಹೆಸರು ದಕ್ಷಿಣಕ್ಕೆ ಹೋಗಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಹಾಗಾದರೆ ಬಾ ನಮ್ಮೂರಿಗೆ, ಮನೆಯಿದೆ” ಎಂದಳು ಅಕ್ಕ. ಇದನ್ನು ಹಿಂದಿಗೆ ತಿರುಗಿಸಿ ಹೇಳುವಾಗ ನನ್ನ ಗಂಟಲು ಸ್ವಲ್ಪ ತಡೆಯಿತು. ಅಳಿಯ ಪಕ್ಕದಲ್ಲೇ ನಿಂತಿದ್ದ; ಕೆರೆಯ ಕಡೆಗೆ ನೋಡುತ್ತಿದ್ದ.

ಕೆಳಗೆ ಬಂದಾಗ ಮೊದಲ ಗುಂಪಿನವರು ಊಟ ಮುಗಿಸಿ ಎಲೆ ತೆಗೆದಿದ್ದರು. ನಮಗೆ ಚಿತ್ರಾನ್ನದ ತಳ, ಬೇಕಾದಷ್ಟು ಮೊಸರನ್ನ. ಕಾರ್ಯದರ್ಶಿಗಳು ನನ್ನ ಕಡೆ ನೋಡಲಿಲ್ಲ. ನಗೀನಾ ಮಸೀದಿ, ಕೇವಡಾ ಮಸೀದಿಗಳನ್ನು ನೋಡಲು ಹೊತ್ತು ಸಾಲಲಿಲ್ಲ. ಅದು ನನ್ನ ತಪ್ಪೇ. ಅಹಮದಾಬಾದಿನವರಿಗೆ ನಾನು ಇದೇ ಪುಟದಲ್ಲಿ ಕ್ಷಮೆ ಕೇಳುತ್ತೇನೆ. ಹೋಗುವವರಿಗೆ ನನ್ನ ಸಲಹೆ: ಕೆಳಗಿನ ಊರಿಗೆ ಇಡೀ ಬೆಳಗ್ಗೆ ಕೊಡಿ, ಭಾನುವಾರ ಮತ್ತು ನವರಾತ್ರಿ ಬಿಟ್ಟು ಹೋಗಿ, ಊಟವನ್ನು ಬೆಟ್ಟದ ಮೇಲೆ ಹೊತ್ತುಕೊಂಡು ಹೋಗಿ ಮಜ್ಜಿಗೆ ಕೆರೆಯ ಹತ್ತಿರ ಮಾಡಿ. ಕಸವನ್ನು ಮಾತ್ರ ಹಿಂದಕ್ಕೆ ತನ್ನ. ಕೋತಿಗಳಿವೆ.

ಬಸ್ಸು ವಡೋದರೆ ಬಿಟ್ಟಾಗ ಕತ್ತಲಾಗಿತ್ತು. ಬೆಳಿಗ್ಗೆ ಹೇಳಬೇಕೆಂದಿದ್ದ ಮಾತು ಹಾಗೆಯೇ ಉಳಿದಿತ್ತು. ಭರೂಚ ಹತ್ತಿರವಾಗುವಾಗ ಅಕ್ಕನೇ ಕೇಳಿದಳು:

“ಆ ಕಾರ್ವಣ ಎಷ್ಟು ದೂರವೋ?”

“ವಡೋದರೆಯಿಂದ ಒಂದು ಗಂಟೆ.”

“ಅಲ್ಲಿಗೂ ಒಂದು ಬಸ್ಸು ಮಾಡಿಸು.” ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗನ ಕಡೆ ಕೈ ತೋರಿಸಿ, “ಆ ಕಾಗದ ಈಗ ಬೇಡ ಅಂತ ಹೇಳು ಇವನಿಗೆ. ಯುಗಾದಿ ಕಳೀಲಿ. ಹೆಂಚು ಹೊದೆಸೋಕೆ ಎಷ್ಟಾಗುತ್ತೆ ಅಂತ ಕೇಳು.”

ಅಳಿಯ ನಿದ್ದೆ ಮಾಡುತ್ತಿರಲಿಲ್ಲವೆಂದು ನನಗೆ ಅನುಮಾನ. ಅವನು ತಿರುಗಿ ನೋಡಲಿಲ್ಲ, ನಾನೂ ಏನೂ ಹೇಳಲಿಲ್ಲ.

ಕಾರ್ವಣದ ಪ್ರವಾಸದ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತುತ್ತೇನೆ. ಬರುವವರು ಹೆಸರನ್ನು ಕಾರ್ಯದರ್ಶಿಗಳಲ್ಲಿ ಬರೆಸಬೇಕು. ನನ್ನಲ್ಲಿ ಬೇಡ, ಅವರು ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಬಸ್ಸಿನಲ್ಲಿ ವಾಕರಿಕೆ ಬರುವವರಿಗೆ ಮುಂದಿನ ಎರಡು ಸಾಲು. ಅಕ್ಕನ ಸೀಟು ಆಗಲೇ ಹಿಡಿದಾಗಿದೆ.